ಜ್ವಾಲೆಯೂ ಗಾಳಿಯೂ

ದೇವರ ಮುಂದಿನ ದೀಪದ ಜ್ವಾಲೆ ಹಳದಿ. ಅಡುಗೆಮನೆಯ ಗ್ಯಾಸ್ ಒಲೆಯದು ನೀಲಿ. ಇಂಧನಗಳು ಬೇರೆ ಬೇರೆ ಎಂಬುದಷ್ಟೇ ಇದಕ್ಕೆ ಕಾರಣವಲ್ಲ. ಇಂಧನಕ್ಕೆ ಗಾಳಿ ಎಷ್ಟು ದೊರೆಯುತ್ತದೆ, ಯಾವಾಗ ದೊರೆಯುತ್ತದೆ ಎಂಬುದೇ ಮುಖ್ಯ ಕಾರಣ.

ವಸ್ತುವೊಂದು ಆಮ್ಲಜನಕದೊಡನೆ ವೇಗವಾಗಿ ಸಂಯೋಗ ಹೊಂದಿ ಶಾಖವನ್ನೂ ಬೆಳಕನ್ನೂ ಹೊರಸೂಸುವ ಕ್ರಿಯೆಗೆ ದಹನವೆಂದು ಹೆಸರು. ಉರಿಯುವ ವಸ್ತು, ಆಮ್ಲಜನಕ, ಹೊತ್ತಿಕೊಳ್ಳಲು ಬೇಕಾದಷ್ಟು ಉಷ್ಣತೆ, ಈ ಮೂರರಲ್ಲಿ ಒಂದಿಲ್ಲದಿದ್ದರೂ ಬೆಂಕಿಯಿಲ್ಲ. ಗಾಳಿಯಲ್ಲಿ ಆಮ್ಲಜನಕದ ಪಾಲು ಸುಮಾರು ಶೇಕಡ 21. ದಹನದಲ್ಲಿ ಅದರ ಪಾತ್ರವನ್ನು 18ನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ಲವಾಸಿಯೆ ನಿಖರವಾದ ತೂಕದ ಪ್ರಯೋಗಗಳಿಂದ ಸಿದ್ಧಪಡಿಸಿದನು.

ಮೇಣದ ಬತ್ತಿಯಲ್ಲಿ ಉರಿಯುವುದು ಗಟ್ಟಿ ಮೇಣವಲ್ಲ. ಮೇಣ ಕರಗಿ, ಬತ್ತಿಯ ದಾರದಲ್ಲಿ ಮೇಲೇರಿ, ಕಾದು ಆವಿಯಾಗುತ್ತದೆ; ಹೊತ್ತಿಕೊಳ್ಳುವುದು ಆ ಆವಿ. ಬತ್ತಿಯನ್ನು ಊದಿ ಆರಿಸಿದೊಡನೆ ಏಳುವ ಬಿಳಿಯ ಎಳೆಗೆ ಉರಿಯುವ ಕಡ್ಡಿಯನ್ನು ಹಿಡಿದರೆ, ಬೆಂಕಿ ಆ ಎಳೆಯ ಗುಂಟ ಇಳಿದು ದಾರವನ್ನು ಮತ್ತೆ ಹೊತ್ತಿಸುತ್ತದೆ. 1860-61ರ ಚಳಿಗಾಲದಲ್ಲಿ ಮೈಕೇಲ್ ಫ್ಯಾರಡೆ ಲಂಡನ್ನಿನಲ್ಲಿ ಬಾಲಕ ಬಾಲಕಿಯರಿಗೆ ಮೇಣದ ಬತ್ತಿಯೊಂದನ್ನೇ ಕುರಿತು ಆರು ಉಪನ್ಯಾಸಗಳನ್ನಿತ್ತನು. ಈ ಸರಳ ಪ್ರಯೋಗವನ್ನು ಅವನೂ ತೋರಿಸಿದ್ದುಂಟು. ವಿದ್ಯಾರ್ಥಿಗಳು ಇದನ್ನು ಹಿರಿಯರ ಸಮ್ಮುಖದಲ್ಲಿ ಮಾತ್ರ ಮಾಡಿ ನೋಡತಕ್ಕದ್ದು.

ದಾರದ ಸುತ್ತಲಿನ ಕಪ್ಪಗಿನ ಭಾಗದಲ್ಲಿ ಇನ್ನೂ ಉರಿಯದ ಆವಿಯಿರುತ್ತದೆ. ಅದರ ಮೇಲಿನ ಹಳದಿ ಭಾಗಕ್ಕೆ ಗಾಳಿ ಸಾಲದು. ಅಲ್ಲಿ ಆವಿ ಒಡೆದು ಇಂಗಾಲದ ಸೂಕ್ಷ್ಮ ಕಣಗಳಾಗುತ್ತವೆ; ಅವು ಕಾದು ಬೆಳಗುವುದೇ ದೀಪದ ಬೆಳಕು. ಹರಳೆಣ್ಣೆ ದೀಪದ ಮೇಲೆ ತಟ್ಟೆಯನ್ನು ಬೋರಲು ಹಿಡಿದು ಕಾಡಿಗೆ ಕೂಡಿಸುತ್ತಿದ್ದ ಹಿಂದಿನವರು ಈ ಕಣಗಳನ್ನೇ ಸಂಗ್ರಹಿಸುತ್ತಿದ್ದರು. ಗಾಳಿ ಧಾರಾಳವಾಗಿ ದೊರೆಯುವ ಹೊರ ಅಂಚಿನಲ್ಲಿ ಮಾತ್ರ ದಹನ ಪೂರ್ಣವಾಗುತ್ತದೆ.

ಗ್ಯಾಸ್ ಒಲೆಯಲ್ಲಿ ಗಾಳಿಗಾಗಿ ಕಾಯುವ ಪ್ರಮೇಯವಿಲ್ಲ. ಸಣ್ಣ ರಂಧ್ರದಿಂದ ರಭಸವಾಗಿ ಚಿಮ್ಮುವ ಅನಿಲವು ಪಕ್ಕದ ಕಿಂಡಿಯಿಂದ ಗಾಳಿಯನ್ನು ಸೆಳೆದುಕೊಂಡು, ಬೆರೆತ ನಂತರವೇ ಬರ್ನರಿಗೆ ಬರುತ್ತದೆ. ಆದ್ದರಿಂದ ಇಂಗಾಲದ ಕಣಗಳು ಉಳಿಯವು, ಜ್ವಾಲೆ ನೀಲಿಯಾಗಿರುತ್ತದೆ. ಹಾಲು ಉಕ್ಕಿ, ಗಂಜಿ ಚೆಲ್ಲಿ ಕಿಂಡಿಗಳು ಕಟ್ಟಿದರೆ ಜ್ವಾಲೆ ಹಳದಿಗೆ ತಿರುಗಿ ಪಾತ್ರೆಯ ತಳ ಮಸಿಯಾಗುತ್ತದೆ. ಪಾತ್ರೆ ಉಜ್ಜುವವರಿಗೆ ಇದು ಎಲ್ಲರಿಗಿಂತ ಮೊದಲು ತಿಳಿಯುತ್ತದೆ! ಆ ಮಸಿ, ಹಣ ತೆತ್ತು ಕೊಂಡು ಉರಿಸದೆ ಬಿಟ್ಟ ಇಂಧನವೇ ಸರಿ.

ಮಸಿಯಾದರೂ ಕಣ್ಣಿಗೆ ಕಾಣುತ್ತದೆ. ಅಪೂರ್ಣ ದಹನದಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇದರ ಮೇಲೆ 200 ಪಟ್ಟಿಗೂ ಮಿಗಿಲಾದ ಸೆಳೆತ. ಹೀಗಾಗಿ ದೇಹಕ್ಕೆ ಆಮ್ಲಜನಕ ಒಯ್ಯುವ ಕೆಲಸವೇ ಕುಂಠಿತವಾಗುತ್ತದೆ.

ದೆಹಲಿಯ ಕಡೆ ಚಳಿಗಾಲದಲ್ಲಿ ಬಳಸುವ ಅಂಗೀಠಿ, ಅಂದರೆ ನಮ್ಮ ಅಗ್ಗಿಷ್ಟಿಕೆ, ಅಪಾಯಕಾರಿಯಾಗುವುದು ಹೀಗೆ. ಕಟ್ಟಿಗೆ ಇದ್ದಿಲಾಗುವಾಗಲೇ ಅದರ ಹೊಗೆಯಾಡುವ ಅಂಶಗಳು ಹೋಗಿರುತ್ತವೆ. ಕೆಂಡ ಜ್ವಾಲೆಯಿಲ್ಲದೆ, ಹೊಗೆಯಿಲ್ಲದೆ ಉರಿಯುತ್ತದೆ. ಹಸಿ ಸೌದೆಯಾದರೆ ಕಣ್ಣುರಿಸಿ ಎಚ್ಚರಿಸೀತು. ಕೆಂಡ ಎಚ್ಚರಿಸದು. ಕಿಟಕಿ ಬಾಗಿಲು ಮುಚ್ಚಿ, ಅಗ್ಗಿಷ್ಟಿಕೆಯಿಟ್ಟು ಮಲಗಿದವರು ಬೆಳಿಗ್ಗೆ ಏಳದಿದ್ದ ಸುದ್ದಿ ಚಳಿಗಾಲದಲ್ಲಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಕರ್ನಾಟಕದಿಂದ ಹೊಸದಾಗಿ ಹೋಗಿ ಅಂಥ ಚಳಿಯನ್ನು ಮೊದಲ ಬಾರಿ ಕಾಣುವ ಕುಟುಂಬಗಳು ಇದನ್ನು ಅರಿತಿರಬೇಕು. ಗಾಳಿಯಾಡದ ಸ್ನಾನದ ಮನೆಯೊಳಗೆ ಕೂಡಿಸಿದ ಗ್ಯಾಸ್ ಗೀಸರಿನಿಂದಲೂ ಇದೇ ಅಪಾಯವುಂಟು.

ತಲೆನೋವು, ತಲೆಸುತ್ತು, ವಾಕರಿಕೆ ಇದರ ಮೊದಲ ಲಕ್ಷಣಗಳು. ನಿದ್ರೆಯಲ್ಲಿರುವವರಿಗೆ ಇವು ತಿಳಿಯುವುದೇ ಇಲ್ಲ. ಇಂಥವರನ್ನು ಕೂಡಲೇ ಬಯಲಿನ ಗಾಳಿಗೆ ತಂದು ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಆಮ್ಲಜನಕವನ್ನೇ ಉಸಿರಾಟಕ್ಕೆ ನೀಡಿ ರಕ್ತದಿಂದ ಆ ಅನಿಲವನ್ನು ಹೊರಹಾಕಿಸುತ್ತಾರೆ.