ನಕಾಶೆಯೂ ಹೊಲವೂ: ಡೀಬಗ್ಗರಿನ ಎಚ್ಚರಿಕೆಗಳನ್ನು ಅರಿಯುವ ಬಗೆ

ಕಲ್ಮಲದ ಒಂದು ಹೊಲವನ್ನು ಅಳೆಯಲು ಮೋಜಣಿದಾರರು ಬಂದರೆನ್ನೋಣ. ನಕಾಶೆಯಲ್ಲಿ ಬದು ಒಂದು ಕಡೆ ಇದೆ. ನೆಲದ ಮೇಲೆ ಇನ್ನೊಂದು ಕಡೆ. ಅವರು ಕೂಡಲೇ ಬದುವನ್ನು ಕೆಡವಿಸುವುದಿಲ್ಲ. ಈ ನಕಾಶೆ ಇದೇ ಹೊಲದ್ದೇ, ಯಾವ ವರ್ಷದ್ದು ಎಂದು ಮೊದಲು ವಿಚಾರಿಸುತ್ತಾರೆ. ಗಣಕದ ಪ್ರೋಗ್ರಾಮಿನಲ್ಲಿ ದೋಷ ಹುಡುಕುವವರಿಗೂ ಇದೇ ವಿವೇಕ ಬೇಕು.

ಸಿ ಭಾಷೆಯಲ್ಲಿ ನಾವು ಬರೆದ ಮೂಲಪಾಠವನ್ನು ಕಂಪೈಲರ್ ಯಂತ್ರಭಾಷೆಗೆ ಪರಿವರ್ತಿಸುತ್ತದೆ. ಅಲ್ಲಿ ನಮ್ಮ ಸಾಲುಗಳಿಲ್ಲ, ಚರಗಳ ಹೆಸರುಗಳಿಲ್ಲ. ಸಂಖ್ಯಾರೂಪದ ಆದೇಶಗಳು ಮಾತ್ರ ಇರುತ್ತವೆ. ಆದುದರಿಂದ ‘-ಜಿ’ ಎಂಬ ಸೂಚನೆಯನ್ನಿತ್ತರೆ ಕಂಪೈಲರ್ ಒಂದು ನಕಾಶೆಯನ್ನೂ ಜೊತೆಗಿಡುತ್ತದೆ. ಯಾವ ಆದೇಶ ಎಷ್ಟನೆಯ ಸಾಲಿನಿಂದ ಹುಟ್ಟಿತು, ಯಾವ ಚರ ಎಲ್ಲಿ ನೆಲೆಸಿದೆ ಎಂಬುದನ್ನು ಅದು ತಿಳಿಸುತ್ತದೆ. ಇದಕ್ಕೆ ಡೀಬಗ್ ಮಾಹಿತಿ ಎಂದು ಹೆಸರು. ಲಿನಕ್ಸಿನಲ್ಲಿ ಇದನ್ನು ಡ್ವಾರ್ಫ್ ಎಂಬ ವಿನ್ಯಾಸದಲ್ಲಿ ಬರೆಯುವುದು ವಾಡಿಕೆ. ರಿಚರ್ಡ್ ಸ್ಟಾಲ್ಮನ್ನರು 1986ರಲ್ಲಿ ರಚಿಸಿದ ಜಿಡಿಬಿ ಎಂಬ ಡೀಬಗ್ಗರ್, ಈ ನಕಾಶೆಯನ್ನು ಹಿಡಿದೇ ಪ್ರೋಗ್ರಾಮಿನೊಳಗೆ ಸಂಚರಿಸುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. ನಿಶ್ಚಲಸ್ಥಿತಿಯಿಂದ ಬೀಳುವ ಕಲ್ಲು 2 ಸೆಕೆಂಡಿನಲ್ಲಿ ಸುಮಾರು 19.6 ಮೀಟರು ಕ್ರಮಿಸಬೇಕು. ವಿದ್ಯಾರ್ಥಿಯೊಬ್ಬನ ಪ್ರೋಗ್ರಾಮು ಸೊನ್ನೆ ಎನ್ನುತ್ತದೆ. ಅವನು ಸೂತ್ರದ ಅರ್ಧವನ್ನು 1/2 ಎಂದು ಬರೆದಿದ್ದಾನೆ; ಸಿ ಭಾಷೆಯಲ್ಲಿ ಪೂರ್ಣಾಂಕಗಳ ಈ ಭಾಗಲಬ್ಧ ಸೊನ್ನೆಯೇ. ಇದನ್ನರಿತು 1.0/2 ಎಂದು ತಿದ್ದಿ, ಮೇಲೆ ಎರಡು ಸಾಲು ಟಿಪ್ಪಣಿ ಸೇರಿಸಿ, ಮತ್ತೆ ಕಂಪೈಲ್ ಮಾಡುವುದನ್ನೇ ಮರೆತ. ಉತ್ತರ ಪುನಃ ಸೊನ್ನೆ! ‘ಮೂಲಪಾಠವು ಪ್ರೋಗ್ರಾಮಿಗಿಂತ ಹೊಸದು’ ಎಂದು ಡೀಬಗ್ಗರ್ ಎಚ್ಚರಿಸಿದರೂ ಲಕ್ಷಿಸಲಿಲ್ಲ. ತೋರುವ ಸಾಲಿಗೂ ನಡೆಯುವ ಸಾಲಿಗೂ ಎರಡರ ಅಂತರವುಂಟಾಗಿತ್ತು. ಕೊನೆಗೆ ಸರಿಯಾದ ತಿದ್ದುಪಡಿಯನ್ನೇ ತಪ್ಪೆಂದು ಅಳಿಸಿ, ಗುರುತ್ವ ವೇಗೋತ್ಕರ್ಷದ ಬೆಲೆಯನ್ನು ಬದಲಿಸತೊಡಗಿದ. ಒಂದು ಎಚ್ಚರಿಕೆಯ ಉಪೇಕ್ಷೆ ಸತ್ಯವನ್ನೇ ಕೈಬಿಡುವಂತೆ ಮಾಡಿತು.

ಹಾಗಾದರೆ ಪರೀಕ್ಷಿಸುವ ಕ್ರಮವೇನು?

ಮೊದಲನೆಯದು, ಕಾಲ. ಮೇಲಿನ ಎಚ್ಚರಿಕೆಯನ್ನು ಡೀಬಗ್ಗರ್ ಎರಡು ಕಡತಗಳು ಬದಲಾದ ವೇಳೆಗಳನ್ನು ಹೋಲಿಸಿ ಕೊಡುತ್ತದೆ. ಮೂಲಪಾಠವನ್ನು ನಕಲು ಮಾಡಿದ ಮಾತ್ರಕ್ಕೂ ಅದರ ವೇಳೆ ಬದಲಾಗಬಹುದು. ಪೂರ್ತಿಯಾಗಿ ಮತ್ತೆ ಕಂಪೈಲ್ ಮಾಡಿದರೆ ಸಂಶಯ ಪರಿಹಾರವಾಗುತ್ತದೆ.

ಎರಡನೆಯದು, ಜೋಡಿ. ದೊಡ್ಡ ಪ್ರೋಗ್ರಾಮುಗಳ ನಕಾಶೆಯನ್ನು ಬೇರೆ ಕಡತದಲ್ಲಿಡುವುದುಂಟು. ಆ ಕಡತದ ಎಲ್ಲ ಅಂಕಿಗಳಿಂದ ಗಣಿಸಿದ 32 ಬಿಟ್‌ಗಳ ತಾಳೆಸಂಖ್ಯೆಯನ್ನು ಪ್ರೋಗ್ರಾಮಿನಲ್ಲಿ ಬರೆದಿಟ್ಟಿರಬಹುದು. ಅದು ಹೊಂದದಿದ್ದರೆ ‘ಸಿಆರ್‌ಸಿ ಮಿಸ್‌ಮ್ಯಾಚ್’ ಎಂಬ ಎಚ್ಚರಿಕೆ ಬರುತ್ತದೆ. ಎರಡು ಕಡತಗಳ ಬಿಲ್ಡ್ ಐಡಿಯನ್ನು ‘ರೀಡೆಲ್ಫ್ -ಎನ್’ ಆದೇಶದಿಂದ ಓದಿ ಹೋಲಿಸಬಹುದು. ಅವು ಬೇರೆಯಾದರೆ, ಅದು ಇನ್ನೊಂದು ಹೊಲದ ನಕಾಶೆ.

ಮೂರನೆಯದು, ಆವೃತ್ತಿ. ಡ್ವಾರ್ಫಿನ 5ನೆಯ ಆವೃತ್ತಿ 2017ರಲ್ಲಿ ಪ್ರಕಟವಾಯಿತು. 2021ರ ಜಿಸಿಸಿ 11 ಅದನ್ನೇ ರೂಢಿಯಾಗಿ ಬರೆಯತೊಡಗಿತು. ಹಳೆಯ ಡೀಬಗ್ಗರಿಗೆ ಆ ಲಿಪಿ ತಿಳಿಯದೆ ‘ಡ್ವಾರ್ಫ್ ಎರರ್’ ಎನ್ನುತ್ತದೆ. ಇಲ್ಲಿ ನಕಾಶೆ ಸರಿಯಾಗಿಯೇ ಇದೆ; ಓದುಗನು ಹಳಬ. ಹೊಸ ಡೀಬಗ್ಗರನ್ನು ಬಳಸಬೇಕು, ಇಲ್ಲವೆ ‘-ಜಿಡ್ವಾರ್ಫ್-4’ ಎಂದು ಕಂಪೈಲರಿಗೆ ತಿಳಿಸಬೇಕು.

ಈ ಮೂರೂ ಸರಿಯಿದ್ದಾಗ ಮಾತ್ರ ಮಾಹಿತಿಯೇ ಕೆಟ್ಟಿರಬಹುದೆಂದು ಶಂಕಿಸುವುದು ಯುಕ್ತ. ಇಂಥ ದೂರುಗಳಲ್ಲಿ ಹಲವನ್ನು ಜಿಡಿಬಿ ಸಾಮಾನ್ಯವಾಗಿ ಹೇಳದೆ ಬಿಡುತ್ತದೆ. ‘ಸೆಟ್ ಕಂಪ್ಲೇಂಟ್ಸ್ 10’ ಎಂದರೆ ಅವು ಕಾಣಿಸಿಕೊಳ್ಳುತ್ತವೆ. ಅನಂತರ ‘ಎಲ್‌ಎಲ್‌ವಿಎಂ-ಡ್ವಾರ್ಫ್‌ಡಂಪ್ --ವೆರಿಫೈ’ ಎಂಬ ಬೇರೊಂದು ಉಪಕರಣದಿಂದಲೂ ಪರೀಕ್ಷಿಸಬೇಕು. ಎರಡೂ ಒಂದೇ ದೋಷವನ್ನು ತೋರಿದರೆ ಕಂಪೈಲರನ್ನು ಶಂಕಿಸಲು ಆಧಾರ ದೊರೆಯಿತು. ಒಂದೇ ತೋರಿದರೆ ಆ ಉಪಕರಣವನ್ನೇ ಪರೀಕ್ಷಿಸಬೇಕು.

ಪ್ರಯೋಗಶಾಲೆಯಲ್ಲಿ ಅಳತೆ ತಪ್ಪಿದಾಗ ನಿಯಮವನ್ನು ದೂರುವ ಮುನ್ನ ಮಾಪಕದ ಶೂನ್ಯದೋಷವನ್ನು ನೋಡುತ್ತೇವಲ್ಲವೆ? ಇಲ್ಲಿಯೂ ಹಾಗೆಯೇ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲವನ್ನು ಬರೆದಿಟ್ಟುಕೊಳ್ಳಿರಿ. ಮೊದಲು ನಕಾಶೆಯನ್ನು ತಾಳೆ ನೋಡಿರಿ. ಆಮೇಲೆ ಹೊಲಕ್ಕೆ ಕೈಹಾಕಿರಿ.