ಆರ್ಕ್‌ಟಿಕ್ ವೃತ್ತದ ಊರಲ್ಲಿ ಬೆಂಗಳೂರಿನ ಕೆಲಸ

ಇಂಟರ್‌ನೆಟ್ ಇದ್ದರೆ ಸಾಕು, ಯಾವ ಊರಲ್ಲಿ ಕೂತು ಕೆಲಸ ಮಾಡಿದರೂ ಒಂದೇ ಎನ್ನುತ್ತಾರಲ್ಲ, ಆ ಮಾತನ್ನು ನಾನು ಒಪ್ಪುವುದಿಲ್ಲ. ಉತ್ತರ ಸ್ವೀಡನ್ನಿನ ಯೊಕ್‌ಮೊಕ್ ಎಂಬ ಪುಟ್ಟ ಊರಲ್ಲಿ ಕೂತು ಬೆಂಗಳೂರಿನ ಒಂದು ತಂಡಕ್ಕೆ ಸಾಫ್ಟ್‌ವೇರ್ ಪರೀಕ್ಷೆಯ ಕೆಲಸ ಮಾಡುತ್ತಿರುವವಳು ನಾನು. ಗಂಡನಿಗೆ ಇಲ್ಲಿ ಜಲವಿದ್ಯುತ್ತಿನ ಕೆಲಸ ಸಿಕ್ಕಿತು, ನಾನು ನನ್ನ ಕೆಲಸವನ್ನು ಕಟ್ಟಿಕೊಂಡೇ ಬಂದೆ. ಫೈಬರ್ ಸಂಪರ್ಕ ಮನೆಗೇ ಇದೆ, ಹೊರಗೆ ಮೈನಸ್ ಮೂವತ್ತು ಇದ್ದ ದಿನವೂ ಅದು ಕೈಕೊಟ್ಟಿಲ್ಲ. ಕಷ್ಟವಾದದ್ದು ಊರಿಗೆ ಸೇರುವುದು. ಗಂಡನಿಗೆ ಕೆಲಸದ ಜಾಗದಲ್ಲೇ ಹತ್ತು ಜನ ಪರಿಚಯವಾದರು. ನನಗಾಗಿ ಕಾಯುವವರೆಲ್ಲ ಬೆಂಗಳೂರಿನಲ್ಲಿದ್ದರು. ನಾನು ಇಡೀ ವಾರ ಹೊಸ್ತಿಲು ದಾಟದಿದ್ದರೂ ಈ ಊರಿನ ಯಾವ ಕೆಲಸವೂ ನಿಲ್ಲುತ್ತಿರಲಿಲ್ಲ. ಅದೇ ಅಪಾಯ.

ಆರ್ಕ್‌ಟಿಕ್ ವೃತ್ತ ಹಾದುಹೋಗುವುದು ಈ ಊರಿನ ತುಸು ದಕ್ಷಿಣಕ್ಕೆ. ಯೊಕ್‌ಮೊಕ್ ಪುರಸಭೆಯ ವ್ಯಾಪ್ತಿ ನಮ್ಮ ಬೆಳಗಾವಿ ಜಿಲ್ಲೆಗಿಂತ ದೊಡ್ಡದು, ಅದರಲ್ಲಿರುವ ಜನ ಮಾತ್ರ ಸುಮಾರು 5,000. ಉಳಿದದ್ದೆಲ್ಲ ಕಾಡು, ಜೌಗು, ಸರೋವರ, ಪಶ್ಚಿಮಕ್ಕೆ ಬೆಟ್ಟ. ಇದು ಇಲ್ಲಿಯ ಮೂಲನಿವಾಸಿಗಳಾದ ಸಾಮಿ ಜನರ ನೆಲ. ರಸ್ತೆಯಲ್ಲಿ ಹಿಮಸಾರಂಗಗಳು ನಿಂತಿದ್ದರೆ ಕಾರು ನಿಲ್ಲಿಸಿ ಕಾಯಬೇಕು. ಅವು ಕಾಡುಪ್ರಾಣಿಗಳಲ್ಲ, ಪ್ರತಿಯೊಂದಕ್ಕೂ ಒಡೆಯರಿದ್ದಾರೆ, ಕಿವಿಯ ಕತ್ತರಿ ಗುರುತು ನೋಡಿದರೆ ಯಾರದೆಂದು ತಿಳಿಯುತ್ತದೆ.

ಬರುವ ಮನಸ್ಸಿರುವವರು ಮೊದಲು ಕಾಗದಪತ್ರ ನೋಡಿಕೊಳ್ಳಿ. ಸಂಬಳ ಬೆಂಗಳೂರಿನಿಂದ ಬಂದರೂ ವಾಸ ಸ್ವೀಡನ್ನಿನಲ್ಲಾದರೆ ತೆರಿಗೆ ಕಟ್ಟಬೇಕಾದದ್ದು ಇಲ್ಲಿ. ಕೆಲಸ ಕೊಟ್ಟ ಕಂಪನಿ ಸಂಬಳದ ಮೇಲೆ ಇಲ್ಲಿಯ ಸಾಮಾಜಿಕ ಭದ್ರತಾ ವಂತಿಗೆಯನ್ನೂ ಕಟ್ಟಬೇಕಾಗುತ್ತದೆ. ಅದರ ಪೂರ್ಣ ದರ ಶೇಕಡಾ 31.42. ಈ ಮಾತನ್ನು ಕಂಪನಿಯೊಂದಿಗೆ ವಿಮಾನ ಹತ್ತುವ ಮುಂಚೆಯೇ, ಲಿಖಿತವಾಗಿ ಮುಗಿಸಿರಬೇಕು. ಬಂದ ಮೇಲೆ ತೆರಿಗೆ ಇಲಾಖೆ ಕೊಡುವ ವೈಯಕ್ತಿಕ ಸಂಖ್ಯೆಯೇ ಎಲ್ಲದಕ್ಕೂ ಕೀಲಿ. ಅದಿಲ್ಲದೆ ಬ್ಯಾಂಕ್ ಖಾತೆ ತೆರೆಯುವುದು ಕಷ್ಟ. ಬ್ಯಾಂಕಿಲ್ಲದೆ ಬ್ಯಾಂಕ್‌ಐಡಿ ಎಂಬ ಡಿಜಿಟಲ್ ಗುರುತು ಇಲ್ಲ, ಬ್ಯಾಂಕ್‌ಐಡಿ ಇಲ್ಲದೆ ಬಾಡಿಗೆ ಕರಾರಿನಿಂದ ಔಷಧಿ ಚೀಟಿಯವರೆಗೆ ಏನೂ ಸಲೀಸಾಗಿ ನಡೆಯದು. ಇದು ಮುಗಿಯುವತನಕ ಕೈಯಲ್ಲಿ ಹಣ ಮತ್ತು ತಾಳ್ಮೆ ಎರಡೂ ಇರಲಿ.

ಇನ್ನು ಹೊತ್ತಿನ ಲೆಕ್ಕ. ಚಳಿಗಾಲದಲ್ಲಿ ಬೆಂಗಳೂರು ನಮಗಿಂತ ನಾಲ್ಕೂವರೆ ಗಂಟೆ ಮುಂದೆ. ಮಾರ್ಚ್‌ನ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಮುಂದೆ ತಿರುಗಿಸಿದ ಮೇಲೆ ಮೂರೂವರೆ. ಅಲ್ಲಿ ಹತ್ತಕ್ಕೆ ಕೆಲಸ ಶುರುವೆಂದರೆ ಜನವರಿಯಲ್ಲಿ ನನಗೆ ಬೆಳಗಿನ ಐದೂವರೆ. ಬೇಗ ಏಳುವುದು ದೊಡ್ಡ ಮಾತಲ್ಲ, ಮಲೆನಾಡಿನವಳಿಗೆ ಅದು ರೂಢಿ. ಆದರೆ ಡಿಸೆಂಬರ್ ನಡುವಿನಲ್ಲಿ ಸೂರ್ಯ ದಿಗಂತದ ಅಂಚಿಗೆ ಬಂದು ಹಾಗೇ ಇಳಿದುಬಿಡುತ್ತಾನೆ, ಕಾಡಿನ ಮರೆಯಲ್ಲಿ ಊರಿಗೆ ಕಾಣುವುದೇ ಇಲ್ಲ. ಮಧ್ಯಾಹ್ನದ ಆಸುಪಾಸಿನ ಕೆಲವು ಗಂಟೆ ಹಿಮದ ಮೇಲೆ ನೀಲಿ ಬೆಳಕು ಬೀಳುತ್ತದೆ, ಅಷ್ಟೇ ಆ ದಿನದ ಹಗಲು. ಆ ಗಂಟೆಗಳನ್ನು ಮೀಟಿಂಗಿಗೆ ಕೊಟ್ಟರೆ ವಾರಗಟ್ಟಲೆ ಬೆಳಕು ಕಾಣದೆ ಉಳಿಯುತ್ತೇವೆ, ಮನಸ್ಸಿಗೆ ಮಂಕು ಕವಿಯುತ್ತದೆ. ಹಾಗಾಗಿ ತಂಡದೊಂದಿಗೆ ಮಾತಾಡಿ ಒಂದು ಏರ್ಪಾಟು ಮಾಡಿಕೊಂಡಿದ್ದೇನೆ. ಒಟ್ಟಿಗೆ ಮಾಡಬೇಕಾದ ಕೆಲಸವೆಲ್ಲ ನನ್ನ ಹತ್ತೂವರೆಯೊಳಗೆ, ಅಂದರೆ ಅವರ ಮೂರು ಗಂಟೆಯೊಳಗೆ ಮುಗಿಯಬೇಕು. ಆಮೇಲೆ ಮಧ್ಯಾಹ್ನ ಒಂದು ಗಂಟೆಯವರೆಗೆ ನಾನು ಹೊರಗೆ. ಒಬ್ಬಳೇ ಮಾಡುವ ಕೆಲಸ ಕತ್ತಲಾದ ಮೇಲೆ. ಚಳಿಗಾಲದಲ್ಲಿ ನನ್ನನ್ನು ಕಾಪಾಡಿದ್ದು ವಿಟಮಿನ್ ಡಿ ಮಾತ್ರೆಗಿಂತ ಹೆಚ್ಚಾಗಿ ಈ ಏರ್ಪಾಟು ಎಂದೇ ನನ್ನ ನಂಬಿಕೆ. ಜೂನಿನಲ್ಲಿ ಇದರ ತಿರುಗುಮುರುಗು, ರಾತ್ರಿಯೇ ಇರುವುದಿಲ್ಲ. ಕಿಟಕಿಗೆ ದಪ್ಪ ಕಪ್ಪು ಪರದೆ ಬೇಕು.

ಊರಿನ ಜನ ಬಿಗುಮಾನದವರೆಂದು ಬರುವ ಮುಂಚೆ ಹಲವರು ಹೇಳಿದ್ದರು. ನನಗೆ ಹಾಗೆನಿಸಿಲ್ಲ. ಕರೆಯದೆ ಯಾರ ಮನೆಗೂ ಹೋಗುವುದಿಲ್ಲ, ಅಷ್ಟು ನಿಜ. ಇಲ್ಲಿ ಜನ ಒಬ್ಬರಿಗೊಬ್ಬರು ಹತ್ತಿರವಾಗುವುದು ಜಗಲಿಯ ಮೇಲಲ್ಲ, ಸಂಘಗಳಲ್ಲಿ. ಸ್ಕೀ ದಾರಿ ಹದ ಮಾಡುವವರದು, ಹಾಡುವವರದು, ಬೇಟೆಯವರದು, ಹೀಗೆ ಪ್ರತಿಯೊಂದಕ್ಕೂ ಒಂದು ಸಂಘ. ಸೆಪ್ಟೆಂಬರಿನ ಮೊದಲ ಸೋಮವಾರ ಕಡವೆಯಂಥ ದೊಡ್ಡ ಪ್ರಾಣಿ ಮೂಸ್‌ನ ಬೇಟೆ ಶುರುವಾದಾಗ ಅರ್ಧ ಊರು ಕಾಡಿನಲ್ಲಿರುತ್ತದೆ, ಆ ವಾರ ಕೊಳಾಯಿ ರಿಪೇರಿಗೆ ಯಾರನ್ನೂ ಹುಡುಕಬೇಡಿ. ಪುರಸಭೆ ವಲಸಿಗರಿಗೆ ಉಚಿತವಾಗಿ ಸ್ವೀಡಿಷ್ ಕಲಿಸುತ್ತದೆ. ನಾನು ಅದಕ್ಕೂ ಸೇರಿದೆ, ಭಾಷೆ ಕಲಿಯುವವರು ಕಾಫಿ ಕುಡಿಯುತ್ತ ಮಾತಾಡುವ ಕೂಟಕ್ಕೂ ಹೋದೆ. ಕೆಲಸಕ್ಕೆ ಸ್ವೀಡಿಷ್ ಬೇಕಿಲ್ಲ ಎನ್ನುವುದು ನಿಜ, ಎಲ್ಲರಿಗೂ ಇಂಗ್ಲಿಷ್ ಬರುತ್ತದೆ. ಆದರೆ ನಾಲ್ಕು ಜನ ಸೇರಿದಾಗ ನನಗೊಬ್ಬಳಿಗಾಗಿ ಅವರೆಲ್ಲ ಇಂಗ್ಲಿಷಿಗೆ ಹೊರಳಬೇಕಾದರೆ ಆ ಮಾತಿನ ರುಚಿ ಅಲ್ಲೇ ಕೆಡುತ್ತದೆ.

ಆ ಕೂಟದಲ್ಲಿ ಸಿಕ್ಕ ಹಿರಿಯ ಸಾಮಿ ಹೆಂಗಸೊಬ್ಬರು ನಾನು ಎಲ್ಲಿಯವಳೆಂದು ಕೇಳಿದರು. ಸಾಗರದ ಕಡೆಯವಳು, ಅಜ್ಜಿಯ ಊರು ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ ಎಂದೆ. ಅವರು ಕಾಫಿ ಲೋಟ ಕೆಳಗಿಟ್ಟು ನನ್ನ ಕಡೆ ಪೂರ್ತಿ ತಿರುಗಿದರು. ಸುವೋರ್ವಾ ಅಣೆಕಟ್ಟಿನ ಕಥೆ ನನಗೆ ತಿಳಿದದ್ದು ಆವತ್ತು.

ಈ ಸೀಮೆಯ ಲೂಲೆ ನದಿ ಸ್ವೀಡನ್ನಿನ ವಿದ್ಯುತ್ತಿನ ಸರಿಸುಮಾರು ಹತ್ತರಲ್ಲೊಂದು ಭಾಗ ಕೊಡುತ್ತದೆ. ಅದರ ಮೇಲಿನ ಪೊರ್ಯುಸ್ ವಿದ್ಯುದಾಗಾರ ಶುರುವಾದದ್ದು 1915ರಲ್ಲಿ, ಕಬ್ಬಿಣದ ಅದಿರು ಸಾಗಿಸುವ ರೈಲಿಗೆ ಕರೆಂಟು ಕೊಡಲು. ಅದಕ್ಕೆ ನೀರು ಹಿಡಿದಿಡಲು ಮೇಲೆ ಸುವೋರ್ವಾದಲ್ಲಿ ಕಟ್ಟೆ ಬೇಕಾಯಿತು. ಅಲ್ಲಿಯ ಸ್ಟೋರಾ ಶೋಫಾಲೆಟ್ ಪ್ರದೇಶವನ್ನು 1909ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ್ದ ಸರ್ಕಾರವೇ 1919ರಲ್ಲಿ ಅದರ ಜಲರಾಶಿಯನ್ನು ಉದ್ಯಾನದಿಂದ ಹೊರಗಿಟ್ಟು ಕಟ್ಟೆಗೆ ಒಪ್ಪಿಗೆ ಕೊಟ್ಟಿತು. ಆಮೇಲೆ ದಶಕಗಳುದ್ದಕ್ಕೂ ಕಟ್ಟೆಯನ್ನು ಮತ್ತೆ ಮತ್ತೆ ಎತ್ತರಿಸಿದರು. ದಡದ ಸಾಮಿ ಕುಟುಂಬಗಳು ಪ್ರತಿ ಸಲವೂ ಮನೆ ಮೇಲಕ್ಕೆ ಸಾಗಿಸಿದವು. ನಮ್ಮಲ್ಲೂ ಅಷ್ಟೇ ಅಲ್ಲವೇ? 1948ರ ಹಿರೇಭಾಸ್ಕರ ಅಣೆಕಟ್ಟು ಬಂದಾಗ ಎದ್ದವರಲ್ಲಿ ಕೆಲವರು 1964ರ ಲಿಂಗನಮಕ್ಕಿಗೆ ಇನ್ನೊಮ್ಮೆ ಏಳಬೇಕಾಯಿತು, ಹಳೆಯ ಅಣೆಕಟ್ಟೇ ಹೊಸದರ ನೀರಿನಲ್ಲಿ ಮುಳುಗಿತು. ರಾತ್ರಿ ಅಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಿದೆ. “ಹಂಗಾರೆ ಅಲ್ಲೂ ಮುಳುಗ್ಸಿದಾರಾ?” ಅಂದಳು. ಸ್ವೀಡನ್ ಎಂದರೆ ಅನ್ಯಾಯವೇ ಇಲ್ಲದ ದೇಶವೆಂದು ಅವಳು ತಿಳಿದಿದ್ದಳು.

ಈ ನೀರಿಗೂ ನನ್ನ ಕೆಲಸಕ್ಕೂ ನಂಟಿದೆ. ಫೇಸ್‌ಬುಕ್ 2013ರಲ್ಲಿ ಅಮೆರಿಕದ ಹೊರಗಿನ ತನ್ನ ಮೊದಲ ಡೇಟಾ ಕೇಂದ್ರವನ್ನು ತೆರೆದದ್ದು ಇದೇ ನದಿ ಸಮುದ್ರ ಸೇರುವ ಲೂಲಿಯೋ ನಗರದಲ್ಲಿ. ಅಗ್ಗದ ಜಲವಿದ್ಯುತ್ತು, ಯಂತ್ರ ತಣಿಸಲು ತಂಪು ಗಾಳಿ, ಎರಡೂ ಅಲ್ಲಿದ್ದವು. ದೂರದಿಂದ ಮಾಡುವ ಕೆಲಸ ಗಾಳಿಯಲ್ಲಿ ನಡೆಯುತ್ತದೆ ಎಂಬ ಭಾವನೆ ನನಗೂ ಇತ್ತು. ಈಗ ಇಲ್ಲ. ನನ್ನ ಲ್ಯಾಪ್‌ಟಾಪ್, ಮನೆ ಬೆಚ್ಚಗಿಡುವ ಯಂತ್ರ, ಮಾತು ಬೆಂಗಳೂರಿಗೆ ಮುಟ್ಟಿಸುವ ಪೆಟ್ಟಿಗೆ ಎಲ್ಲವೂ ನಡೆಯುವುದು ಯಾರೋ ಮನೆ ಬಿಟ್ಟುಕೊಟ್ಟ ನೀರಿನಿಂದ. ಇಷ್ಟು ತಿಳಿದ ಮೇಲೆ ಇಲ್ಲಿ ಬರೀ ಬಾಡಿಗೆದಾರಳಾಗಿ ಇರಲು ನನಗೆ ಮನಸ್ಸು ಬರಲಿಲ್ಲ. ಸಾಮಿ ಸಂಸ್ಕೃತಿಯ ಅಯ್ತೆ ವಸ್ತುಸಂಗ್ರಹಾಲಯ ಊರಲ್ಲೇ ಇದೆ. ಬರುವ ನೆಂಟರನ್ನು ಉತ್ತರದ ಬೆಳಕು ತೋರಿಸುವ ಮುಂಚೆ ಅಲ್ಲಿಗೆ ಕರೆದೊಯ್ಯುತ್ತೇನೆ.

ಫೆಬ್ರವರಿಯ ಮೊದಲ ಗುರುವಾರದಿಂದ ಶನಿವಾರದವರೆಗೆ ಇಲ್ಲಿ ಸಂತೆ. 1605ರಲ್ಲಿ ದೊರೆಯ ಆಜ್ಞೆಯಿಂದ ಶುರುವಾದದ್ದು. ಚಳಿಯಲ್ಲಿ ಸಾಮಿಗಳೆಲ್ಲ ಒಂದೆಡೆ ಸಿಗುತ್ತಾರೆ, ತೆರಿಗೆ ಎತ್ತಬಹುದು, ವ್ಯಾಪಾರ ಮಾಡಬಹುದು, ಚರ್ಚಿಗೆ ಸೆಳೆಯಬಹುದು ಎಂಬುದು ಆಗಿನ ಲೆಕ್ಕ. ಇಂದು ಅದೇ ಸಂತೆ ಸಾಮಿಗಳ ದೊಡ್ಡ ಕೂಟ. ಹಿಮಸಾರಂಗದ ತೊಗಲು, ಕೊಂಬಿನ ಹಿಡಿಯ ಚೂರಿ, ಬರ್ಚ್ ಗಂಟಿನಲ್ಲಿ ಕೊರೆದ ಬಟ್ಟಲು, ಒಣಮಾಂಸ, ಎಲ್ಲೆಲ್ಲಿಂದಲೋ ಬಂದ ನೆಂಟರು. ಸಾವಿರಾರು ಜನಕ್ಕೆ ಊಟ, ಕಾಫಿ, ಮಲಗುವ ಜಾಗ ಒದಗಿಸಬೇಕು, ಆಗ ಊರಿನ ಪ್ರತಿ ಕೈಯೂ ಲೆಕ್ಕಕ್ಕೆ ಬರುತ್ತದೆ. ನಾನು ಸೇರಿರುವ ಸಂಘದ ಕಾಫಿ ಅಂಗಡಿಯಲ್ಲಿ ಈ ಸಲ ಬೆಳಗಿನ ಪಾಳಿ ನನ್ನದು. ಬೆಂಗಳೂರಿನ ತಂಡದ ಮುಖ್ಯಸ್ಥರು ಯುಗಾದಿಗೆ ರಜೆ ಹಾಕುತ್ತೀರಾ ಎಂದು ಕೇಳಿದಾಗ, ಯುಗಾದಿಗೆ ಒಂದು ದಿನ ಸಾಕು, ಸಂತೆಗೆ ಮೂರು ದಿನ ಬೇಕು ಎಂದು ಬರೆದು ಕಳಿಸಿದ್ದೇನೆ.