ಗಿಡಕ್ಕೂ ಅದರದೇ ಪಂಚಾಂಗ

ಚಿರಂಜೀವಿ ತಮ್ಮನಿಗೆ,



ಸವಣೂರಿನ ಹೊಸ ಮನೆಯ ವಾಸ್ತುಶಾಂತಿಯ ದಿನ ನೀನು ಅಂಗಳ ತೋರಿಸಿ, ‘ಕಾಕಾ, ನಿಮ್ಮ ತೋಟದ ಅಡಿಕೆ ಸಸಿ ಇಲ್ಲಿ ಸಾಲಾಗಿ ಹಚ್ಚತೀನಿ’ ಅಂದೆ. ಮಂದಿಯ ಗದ್ದಲದಲ್ಲಿ ಉತ್ತರ ಹೇಳಲಾಗಲಿಲ್ಲ. ಈಗ ಬರೆಯುತ್ತಿದ್ದೇನೆ. ನಿನ್ನಂತೆ ಹೊಸ ಅಂಗಳಕ್ಕೆ ಗಿಡ ಹುಡುಕುತ್ತಿರುವವರೂ ಓದಲಿ.

ನೌಕರಿಗೆಂದು ಸವಣೂರಿನಲ್ಲಿದ್ದಾಗ ನಾನೂ ಹಾನಗಲ್ಲಿನ ನಮ್ಮ ತೋಟದಿಂದ ಐದು ಅಡಿಕೆ ಸಸಿ ಒಯ್ದಿದ್ದೆ. ಮಳೆಗಾಲದಲ್ಲಿ ನಳನಳಿಸಿದವು. ಬೇಸಿಗೆಯ ಬಿಸಿಗಾಳಿಗೆ ಗರಿಯ ತುದಿ ಹಳದಿಯಾಯಿತು, ಆಮೇಲೆ ಅಂಚೆಲ್ಲ ಸೀದ ರೊಟ್ಟಿಯಂತೆ ಕಂದಿತು. ಎರಡು ಹೊತ್ತು ಕೊಡ ಹೊತ್ತೆ. ಎರೆಮಣ್ಣು ಬಿರಿದು, ಹಾಕಿದ ನೀರು ಬಿರುಕಿನಲ್ಲಿ ಇಳಿದುಹೋಗುತ್ತಿತ್ತು. ಎರಡನೆಯ ಬೇಸಿಗೆಯನ್ನು ಒಂದೂ ದಾಟಲಿಲ್ಲ. ಅದೇ ಹಿತ್ತಲಿನ ನುಗ್ಗೆ ಮಾತ್ರ ಯಾರೂ ನೀರುಣಿಸದೆ ಹೂ ಬಿಟ್ಟಿತ್ತು.

ನಮ್ಮ ರಾಜ್ಯವನ್ನು ಕೃಷಿ ಹವಾಮಾನದ ಲೆಕ್ಕದಲ್ಲಿ 10 ವಲಯಗಳಾಗಿ ಹಂಚಿದ್ದಾರೆ. ಹಾನಗಲ್ಲು ಗುಡ್ಡಗಾಡು ವಲಯಕ್ಕೆ ಸೇರಿದೆ. ಶಿಗ್ಗಾವಿ, ಸವಣೂರು, ಹಿರೇಕೆರೂರು ಮಲೆನಾಡು–ಬಯಲುಸೀಮೆಗಳ ನಡುವಿನ ವಲಯದಲ್ಲಿವೆ. ಜಿಲ್ಲೆ ಒಂದೇ ಆದರೂ ಮಳೆ, ಮಣ್ಣು ಒಂದೇ ಅಲ್ಲ.

ಇನ್ನು ನಿಮ್ಮೂರ ಮಠದ ಮೂರು ದೊಡ್ಡ ಹುಣಸೆ (ಬಾವೊಬಾಬ್) ಮರಗಳನ್ನು ನೋಡು. ಅವುಗಳ ಮೂಲ ಆಫ್ರಿಕಾ. ತಾಸೆರಡು ತಾಸಿನ ದಾರಿಯಿಂದ ಬಂದ ಅಡಿಕೆ ಸತ್ತಲ್ಲಿ, ಸಮುದ್ರದಾಚೆಯ ಮರ ಹೇಗೆ ಇಷ್ಟು ಕಾಲ ಬಾಳಿತು? ಅದರ ತವರಿನಲ್ಲೂ ಕೆಲವೇ ತಿಂಗಳು ಮಳೆ, ಉಳಿದದ್ದೆಲ್ಲ ಒಣ ಹವೆ. ಒಣಗಾಲಕ್ಕೆ ಎಲೆ ಉದುರಿಸಿ, ಕಾಂಡದಲ್ಲಿ ಕೂಡಿಟ್ಟ ನೀರಿನ ಮೇಲೆ ಜೀವ ಹಿಡಿದು, ಮಳೆಗೆ ಚಿಗುರುವುದು ಅದರ ಗುಣ. 2023ರ ಮಳೆಗಾಲದಲ್ಲಿ ಮೂರರಲ್ಲಿ ಒಂದು ಮರ ಉರುಳಿತು. ಎತ್ತಿ ಮತ್ತೆ ನೆಟ್ಟರು, ಚಿಗುರಿತು. ಆದ್ದರಿಂದ ಗಿಡ ಎಷ್ಟು ದೂರದ್ದೆಂದು ಕೇಳಬೇಡ. ಅದರ ಪಂಚಾಂಗ ನಿನ್ನ ಊರಿನ ಪಂಚಾಂಗಕ್ಕೆ ಕೂಡುತ್ತದೆಯೇ ಎಂದು ಕೇಳು.

ನೆರಳು, ನೀರು ಬೇಡುವ ವೀಳ್ಯದೆಲೆಯೂ ಸವಣೂರಿನಲ್ಲಿ ಹೆಸರುವಾಸಿಯಲ್ಲವೇ ಎನ್ನುತ್ತೀ. ಹೌದು. ಅದಕ್ಕೆ ನೆರಳಿನ ಗಿಡ ಬೆಳೆಸಿ, ತಪ್ಪದೆ ನೀರು ಕಟ್ಟಿ ಎಲೆತೋಟದವರು ದುಡಿಯುತ್ತಾರೆ. ಬೆಳಗ್ಗೆ ಕೆಲಸಕ್ಕೆ ಹೋಗಿ ಸಂಜೆ ಬರುವ ನಿನ್ನಿಂದ ಅದು ಆಗದು.

ಅದಕ್ಕೇ ಹೇಳುತ್ತೇನೆ: ಏಪ್ರಿಲ್ ತಿಂಗಳಲ್ಲಿ ಒಂದು ಸಂಜೆ ನಿಮ್ಮ ಓಣಿಯ ಹಿತ್ತಲುಗಳನ್ನು ನೋಡಿಕೊಂಡು ಬಾ. ಹೆಚ್ಚು ಆರೈಕೆಯಿಲ್ಲದೆ ಹಸಿರಾಗಿರುವ ಗಿಡಗಳ ಹೆಸರು ಬರೆದುಕೋ. ಅಂಗಳದಲ್ಲಿ ಮೊಳದಾಳದ ಗುಂಡಿ ತೋಡಿ ನೀರು ತುಂಬು. ಮರುದಿನವೂ ನೀರು ನಿಂತಿದ್ದರೆ ಮಣ್ಣು ಏರಿಸಿ ಮಡಿ ಮಾಡು, ಬೇರು ಕೊಳೆಯುವುದಿಲ್ಲ. ಮಧ್ಯಾಹ್ನದ ಮೇಲಿನ ಬಿಸಿಲು ತಡೆಯಲು ಪಡುವಣಕ್ಕೆ ಬೇವು ಇರಲಿ. ನಿಂಬೆ, ನುಗ್ಗೆ, ಸೀತಾಫಲ, ಕರಿಬೇವು, ದಾಸವಾಳ ನಿನ್ನ ಅಂಗಳಕ್ಕೆ ಒಗ್ಗುತ್ತವೆ. ಕಣಗಿಲೆಯೂ ಬಿಸಿಲು ತಾಳುತ್ತದೆ. ಆದರೆ ಅದು ವಿಷದ ಗಿಡ, ಮಕ್ಕಳಿರುವ ಮನೆಗೆ ಬೇಡ. ಜೂನ್ ಆರಂಭದ ಮಿರಗದ ಮಳೆ ಹಿಡಿದ ಕೂಡಲೆ ಹಚ್ಚಿದರೆ ಬೇಸಿಗೆಯ ಹೊತ್ತಿಗೆ ಬೇರು ಆಳಕ್ಕಿಳಿದಿರುತ್ತದೆ. ಮೊದಲ ಬೇಸಿಗೆಗೆ ಬುಡದಲ್ಲಿ ಶೇಂಗಾ ಹೊಟ್ಟು ಹರವು.

ಮಿರಗಕ್ಕೆ ನಾನೇ ಬರುತ್ತೇನೆ. ಅಡಿಕೆ ತರುವುದಿಲ್ಲ, ನಿಂಬೆ ಸಸಿ ತರುತ್ತೇನೆ. ಗುಂಡಿ ತೆಗೆದಿಡು.

ನಿನ್ನ ಕಾಕಾ